ಹೀಯಾಳಿಕೆಗೆ ಕನ್ನಡದ ಕ್ರೈಸ್ತರ ಉತ್ತರ

ಪಟ್ಟಂದೂರು ಅಗ್ರಹಾರದ ನಮ್ಮ ನೆರೆಯ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಮಹಾರಾಜ ಚಾಮರಾಜ ಒಡೆಯರ್ ಕೊಟ್ಟ ನೆಲದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಉತ್ತು ಬಿತ್ತಿ ಬದುಕಲಿ ಎಂದು ಅವರ ನಾಯಕ ಡಿ.ಎಸ್. ವೈಟ್ ಆಸೆಪಟ್ಟರು. ಬೇಸಾಯ ಮಾಡಲು ಬಂದ ಈ ಜನರನ್ನು ಸಿನಿಮಾ ಕಂಡ ಬಗೆಯೇ ಬೇರೆ: ಖಳನ ಚೇಲಾ ರಾಬರ್ಟ್, ಕೈಯಲ್ಲಿ ಗ್ಲಾಸು, ಕೊರಳಲ್ಲಿ ಶಿಲುಬೆ. 1972ರ ‘ನಾಗರಹಾವು’ ಚಿತ್ರದ ಕ್ರೈಸ್ತ ಹುಡುಗಿ ಮಾರ್ಗರೇಟಳಿಗೆ ನಿರ್ದೇಶಕ ಪುಟ್ಟಣ್ಣ ಕಣಗಾಲರು ಒಂದು ಮನಸ್ಸನ್ನೂ ದುಃಖವನ್ನೂ ಕೊಟ್ಟರು. ಅಂಥ ಪಾತ್ರಗಳು ಅಪರೂಪ.

ಈಗ ಇಲ್ಲಿನ ಐಟಿ ಪಾರ್ಕ್ ಐಟಿಪಿಎಲ್‌ನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಹುಡುಗರು ಭಾನುವಾರ ಆರಾಧನೆ ಮುಗಿದ ಮೇಲೆ ಫೋನು ಮುಂದೆ ಹಿಡಿಯುತ್ತಾರೆ. ಕರ್ತನ ಭೋಜನವನ್ನೇ ಆಡಿಕೊಂಡು ನಗುವ ಹಾಸ್ಯದ ತುಣುಕು. “ಅಂಕಲ್, ಕೇಸು ಹಾಕೋಣವಾ?” ಎನ್ನುತ್ತಾರೆ. ಅವರ ನೋವು ನಿಜ. ನನಗೂ ಹೊಟ್ಟೆ ಉರಿಯುತ್ತದೆ.

ಆಗ ನಾನು 2006ರ ಮಾತು ತೆಗೆಯುತ್ತೇನೆ. ಕ್ರೈಸ್ತರನ್ನು ನೋಯಿಸಿದ ‘ದ ಡಾ ವಿಂಚಿ ಕೋಡ್’ ಸಿನಿಮಾ ಬಂದಾಗ ಆಂಧ್ರ, ತಮಿಳುನಾಡು ನಿಷೇಧ ಹೇರಿದವು. ಎರಡೂ ಕಡೆಯ ಹೈಕೋರ್ಟುಗಳು ಅದನ್ನು ರದ್ದುಮಾಡಿದವು. ಸುಪ್ರೀಂ ಕೋರ್ಟಿನಲ್ಲೂ ನಿಷೇಧದ ಬೇಡಿಕೆ ನಿಲ್ಲಲಿಲ್ಲ. ಉಳಿದದ್ದು, ಇದು ಕಟ್ಟುಕಥೆ ಎಂದು ತೆರೆಯ ಮೇಲೆ ಮೂಡಿದ ಸೂಚನೆ. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸುವವರಿಗೆ 1927ರಿಂದಲೂ ಕಾನೂನಿದೆ. ಆದರೆ ಕಾನೂನು ಬಾಯಿ ಮುಚ್ಚಿಸಬಲ್ಲದು, ಗೌರವ ಹುಟ್ಟಿಸಲಾರದು.

ಗೌರವ ಹುಟ್ಟಿಸಿದ ಉತ್ತರ ಕನ್ನಡದಲ್ಲೇ ಇದೆ. ಮಿಷನರಿಗಳ ಕಾಲದ ಎಷ್ಟೋ ಕರಪತ್ರಗಳು ಇಲ್ಲಿನ ದೇವರುಗಳನ್ನು ಹಂಗಿಸಿದವು. ಅದರಿಂದ ಹಗೆ ಬೆಳೆಯಿತು. ಆದರೆ ಅದೇ ಕಾಲದಲ್ಲಿ, 1862ರಲ್ಲಿ, ಮಂಗಳೂರಿನಿಂದ ಮಿಷನರಿ ಫರ್ಡಿನೆಂಡ್ ಕಿಟ್ಟೆಲ್ ‘ಕಥಾಮಾಲೆ’ ತಂದು, ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಅನಂತರ, 1930ರ ದಶಕದಲ್ಲಿ, ಮಂಜೇಶ್ವರದ ಕವಿ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿಸಿದರು. ಅವರು ಕ್ರೈಸ್ತರಲ್ಲ. ಯಾವ ಮೊಕದ್ದಮೆಯೂ ಅವರಿಂದ ಆ ಕಾವ್ಯ ಬರೆಸಲಿಲ್ಲ. ಬುದ್ಧನ ಕೊನೆಯ ದಿನಗಳನ್ನು ಕುರಿತು ‘ವೈಶಾಖಿ’ ಬರೆದದ್ದೂ ಅದೇ ಕೈ.

ಆದ್ದರಿಂದ ಹುಡುಗರಿಗೆ ನಾನು ಹೇಳುವುದು ಇಷ್ಟು. ಆ ತುಣುಕನ್ನು ಮುಂದಕ್ಕೆ ಕಳಿಸಬೇಡಿ. ಸಿಟ್ಟಿನಿಂದ ಹಂಚಿದರೂ ಅದಕ್ಕೆ ನೋಡುಗರು ಹೆಚ್ಚುತ್ತಾರೆ. ತಪ್ಪು ಹೇಳಿದವರಿಗೆ ನಿಮ್ಮ ಹೆಸರು ಹಾಕಿ, ಬೈಗುಳವಿಲ್ಲದೆ ಬರೆಯಿರಿ. ಶುಭ ಶುಕ್ರವಾರ ‘ಗೊಲ್ಗೊಥಾ’ವನ್ನು ಸಭೆಯಲ್ಲಿ ಓದಿ. ನಿಮ್ಮ ಅಜ್ಜಿಯರ ಬದುಕನ್ನು ಕಿರುಚಿತ್ರ ಮಾಡಿ; ನಾವು ತೋರಿಸದಿದ್ದರೆ ರಾಬರ್ಟನೇ ನಮ್ಮ ಮುಖವಾಗಿ ಉಳಿಯುತ್ತಾನೆ. ಪಕ್ಕದ ಮನೆಯವರ ದೇವರನ್ನೋ ನಮಾಜನ್ನೋ ಯಾರಾದರೂ ಲೇವಡಿ ಮಾಡಿದರೆ, ಅವರಿಗಿಂತ ಮೊದಲು ನೀವು ಬೇಡ ಎನ್ನಿ. ಅಷ್ಟು ಮಾಡಿದವರ ನೋವಿಗೆ ಊರು ಕಿವಿಗೊಡುತ್ತದೆ.