ಕಡು ಚಳಿಯಲ್ಲಿ ಕೆಲಸಕ್ಕೆ ಗೈರು: ಕಾನೂನು ಏನೆನ್ನುತ್ತದೆ?

ಡಿಸೆಂಬರ್-ಜನವರಿಯ ಮುಂಜಾವು. ತುಂಗಭದ್ರೆಯ ಮೇಲೆ ಮಂಜು ಕವಿದಿರುತ್ತದೆ. ಹರಿಹರದ ಕಡೆಯಿಂದ ಹೊಳೆ ದಾಟಿ ಕುಮಾರಪಟ್ಟಣದ ಕಾರ್ಖಾನೆಗಳಿಗೆ ಮೊದಲ ಪಾಳಿಗೆ ಹೊರಟವರ ಮನಸ್ಸಿನಲ್ಲಿ ಒಮ್ಮೆಯಾದರೂ ಸುಳಿಯುವ ಪ್ರಶ್ನೆ: ಇಂಥ ಚಳಿಯಲ್ಲಿ ಕೆಲಸಕ್ಕೆ ಹೋಗಲೇಬೇಕೆ? ಚಳಿಯೊಂದನ್ನೇ ಕಾರಣವಾಗಿ ಹೇಳಿ ಮನೆಯಲ್ಲಿ ಉಳಿಯುವ ಹಕ್ಕನ್ನು ದೇಶದ ಕಾರ್ಮಿಕ ಕಾನೂನು ನೀಡಿಲ್ಲ. ಆದರೆ ಚಳಿಯಿಂದ ಅಪಾಯ ಒದಗಿದಾಗ ಅದೇ ಕಾನೂನಿನ ಧಾಟಿ ಬೇರೆಯಾಗುತ್ತದೆ.

ಮೊದಲಿಗೆ, 'ಕಡು ಚಳಿ' ಎಂದರೆ ಎಷ್ಟು? ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕುಸಿದರೆ ಅದು ಶೀತಗಾಳಿ, ಕುಸಿತ 6.4 ಡಿಗ್ರಿ ಮೀರಿದರೆ ತೀವ್ರ ಶೀತಗಾಳಿ. ಕರ್ನಾಟಕದಲ್ಲಿ ಈ ಸ್ಥಿತಿ ಅಪರೂಪ. ಬೆಂಗಳೂರಿನ ಸಾರ್ವಕಾಲಿಕ ಕನಿಷ್ಠ ದಾಖಲೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರದು. ಹೀಗಾಗಿ ನಮ್ಮ ಕಡೆ ಚಳಿಗೆಂದು ರಜೆ ಕೇಳಿದರೆ ನಗುವವರೇ ಹೆಚ್ಚು. ಆದರೆ ಹವಾಮಾನ ಕೇಂದ್ರದ ಅಂಕಿ ದ್ವಿಚಕ್ರ ವಾಹನ ಸವಾರನ ಅನುಭವವಲ್ಲ. ಉಷ್ಣಾಂಶ 10 ಡಿಗ್ರಿ ಇರುವಾಗ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗಿದರೆ, ಗಾಳಿಯ ಹೊಡೆತದಿಂದ ಬರಿ ಮೈಗೆ ತಗಲುವ ಚಳಿ ಸುಮಾರು 5.5 ಡಿಗ್ರಿಗೆ ಸಮ. ಉಬ್ಬಸ ಅಥವಾ ಹೃದ್ರೋಗ ಉಳ್ಳವರಿಗೆ ಇದು ನಗುವ ಸಂಗತಿಯಲ್ಲ.

1948ರ ಕಾರ್ಖಾನೆಗಳ ಕಾಯ್ದೆಯ 13ನೇ ಕಲಮು ಕೆಲಸದ ಕೋಣೆಯಲ್ಲಿ ಆರೋಗ್ಯಕ್ಕೆ ಹಾನಿಯಾಗದ, ಸಮಂಜಸ ಹಿತ ನೀಡುವ ಉಷ್ಣಾಂಶ ಇರಬೇಕೆಂದು ವಿಧಿಸಿತ್ತು. ಇಂತಿಷ್ಟೇ ಡಿಗ್ರಿ ಎಂದು ನಿಗದಿ ಮಾಡಿರಲಿಲ್ಲ. 2025ರ ನವೆಂಬರ್ 21ರಂದು ಆ ಕಾಯ್ದೆಯ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆ, 2020 ಬಂದಿದೆ. ಬ್ರಿಟನ್ನಿನಲ್ಲಿ ಒಳಾಂಗಣ ಕೆಲಸಕ್ಕೆ 16 ಡಿಗ್ರಿ, ಶ್ರಮದ ಕೆಲಸಕ್ಕೆ 13 ಡಿಗ್ರಿ ಎಂಬ ಮಾರ್ಗದರ್ಶಿ ಮಿತಿ ಇದೆ. ಅಲ್ಲಿಯೂ ಅದಕ್ಕಿಂತ ಕೆಳಗಿಳಿದ ಮಾತ್ರಕ್ಕೆ ಮನೆಗೆ ಹೊರಡುವ ಹಕ್ಕು ತಾನಾಗಿ ಹುಟ್ಟುವುದಿಲ್ಲ.

ಕುಮಾರಪಟ್ಟಣದ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದು ಕಲಮು. ಇಲ್ಲಿನ ಹರಿಹರ ಪಾಲಿಫೈಬರ್ಸ್‌ನಲ್ಲಿ ತಿರುಳು, ಗ್ರಾಸಿಲೀನ್‌ನಲ್ಲಿ ವಿಸ್ಕೋಸ್ ನೂಲೆಳೆ ತಯಾರಾಗುತ್ತವೆ. ಎರಡೂ ಬಗೆಯ ಉದ್ಯಮಗಳು ಹಳೆಯ ಕಾಯ್ದೆಯ 'ಅಪಾಯಕಾರಿ ಪ್ರಕ್ರಿಯೆ'ಗಳ ಪಟ್ಟಿಯಲ್ಲಿದ್ದವು. ಭೋಪಾಲ ದುರಂತದ ಬಳಿಕ, 1987ರ ತಿದ್ದುಪಡಿಯ ಮೂಲಕ, ಅಂಥ ಕಾರ್ಖಾನೆಗಳ ಕಾರ್ಮಿಕರಿಗಷ್ಟೇ ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕು ದೊರೆತಿತ್ತು. ಹೊಸ ಸಂಹಿತೆಯ 14ನೇ ಕಲಮು ಅದನ್ನು ಎಲ್ಲ ನೌಕರರಿಗೂ ವಿಸ್ತರಿಸಿದೆ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಸನ್ನಿಹಿತ ಅಪಾಯವಿದೆಯೆಂಬ ಸಕಾರಣ ಆತಂಕವಿದ್ದರೆ ಮಾಲೀಕರಿಗೆ ನೇರವಾಗಿ ಅಥವಾ ಸುರಕ್ಷಾ ಸಮಿತಿಯ ಸದಸ್ಯರ ಮೂಲಕ ತಿಳಿಸಬೇಕು, ಜೊತೆಗೇ ಪರಿವೀಕ್ಷಕರ ಗಮನಕ್ಕೂ ತರಬೇಕು. ಮಾಲೀಕರು ಒಪ್ಪದಿದ್ದರೂ ವಿಷಯವನ್ನು ಪರಿವೀಕ್ಷಕರಿಗೆ ಒಪ್ಪಿಸಲೇಬೇಕು. ಅವರ ತೀರ್ಮಾನವೇ ಅಂತಿಮ. ಇದು ದೂರು ನೀಡುವ ಹಕ್ಕೇ ಹೊರತು, ಹೇಳದೆ ಕೇಳದೆ ಗೈರಾಗುವ ಹಕ್ಕಲ್ಲ.

ಹೇಳದೆ ಗೈರಾದರೆ ಆ ದಿನದ ವೇತನ ಕಡಿತವಾಗುತ್ತದೆ. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಮುನ್ಸೂಚನೆಯಿಲ್ಲದೆ, ಸಕಾರಣವಿಲ್ಲದೆ ಗೈರಾದರೆ, ಉದ್ಯೋಗದ ಕರಾರಿಗೆ ಒಳಪಟ್ಟು 8 ದಿನಗಳ ವೇತನದವರೆಗೂ ಕಡಿತಕ್ಕೆ ವೇತನ ಸಂಹಿತೆ ಅವಕಾಶ ಕೊಟ್ಟಿದೆ. ಇನ್ನು ಕಾರ್ಮಿಕರಲ್ಲಿ ಶೇ. 50ರಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ಒಂದೇ ದಿನ ಸಂಘಟಿತವಾಗಿ ಸಾಂದರ್ಭಿಕ ರಜೆ ಹಾಕಿದರೆ, ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಅದು ಮುಷ್ಕರ. ಚಳಿಯೇ ನಿಜವಾದ ಕಾರಣವೆಂಬ ವಾದ ಆಗ ಬಹಳ ದೂರ ನಡೆಯದು.

ತಿರುಳು, ನೂಲೆಳೆಯ ಘಟಕಗಳು ಹಗಲಿರುಳು ನಡೆಯುವಂಥವು. ಬೆಳಗಿನ ಪಾಳಿಯವರು ಬಾರದಿದ್ದರೆ ರಾತ್ರಿಯೆಲ್ಲ ನಿದ್ದೆಗೆಟ್ಟವರೇ ಮುಂದುವರಿಯಬೇಕಾಗುತ್ತದೆ. ಹೆಚ್ಚುವರಿ ಅವಧಿಗೆ ದುಪ್ಪಟ್ಟು ವೇತನವೇನೋ ಇದೆ. ದಣಿದ ಕಣ್ಣುಗಳಿಂದಾಗುವ ಅವಘಡಕ್ಕೆ ಅದು ಪರಿಹಾರವಲ್ಲ. ಆದ್ದರಿಂದ ಬರಲಾಗದೆಂದು ಹಿಂದಿನ ಸಂಜೆಯೇ ತಿಳಿಸುವುದು ಮಾಲೀಕರಿಗಿಂತ ಮಿಗಿಲಾಗಿ ಸಹೋದ್ಯೋಗಿಗೆ ಸಲ್ಲಿಸುವ ಉಪಕಾರ. ಹೊಸ ಸಂಹಿತೆಯಡಿ ವರ್ಷಕ್ಕೆ 180 ದಿನ ದುಡಿದವರಿಗೆ (ಹಿಂದೆ ಇದು 240 ದಿನವಿತ್ತು) ಪ್ರತಿ 20 ದಿನಕ್ಕೊಂದರಂತೆ ವೇತನಸಹಿತ ರಜೆ ಲಭ್ಯ. ಚಳಿಯಿಂದ ಕಾಯಿಲೆಯೇ ಉಲ್ಬಣಿಸಿದರೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಪಡೆಯುವುದು ಲೇಸು. ಅರ್ಹ ವಿಮಾದಾರರಿಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ, ವರ್ಷದಲ್ಲಿ 91 ದಿನಗಳವರೆಗೆ ಸಲ್ಲುತ್ತದೆ.

ಇಷ್ಟೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಮಾತಾಯಿತು. ಅದೇ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ಬಿರುಸಾಗುವುದೂ ಇದೇ ಚಳಿಗಾಲದಲ್ಲಿ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲನಿಗೆ ಕಡಿತ ಮಾಡಲು ವೇತನವೂ ಇಲ್ಲ, ಕೇಳಲು ರಜೆಯೂ ಇಲ್ಲ. ಬಾರದ ದಿನ ಅವನ ಪಾಲಿನ ಚೀಲಗಳು ಬೇರೊಬ್ಬರ ಬೆನ್ನೇರುತ್ತವೆ. ಶೀತಗಾಳಿಯನ್ನು ಕೇಂದ್ರ ಸರ್ಕಾರ 2012ರಲ್ಲಿ ವಿಪತ್ತು ಪರಿಹಾರ ನಿಧಿಯ ವ್ಯಾಪ್ತಿಗೆ ಸೇರಿಸಿದ್ದು ನಿಜ. ಆದರೂ ಕಳೆದುಹೋದ ಒಂದು ದಿನದ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ.