ಆಶ್‌ಬಿಯ ‘ಅಲ್ಟಿಮೇಟ್’

ಇಂಗ್ಲೆಂಡಿನ ಲೆಸ್ಟರ್‌ಶೈರ್ ಸೀಮೆಗೆ ಸೇರಿದ ಆಶ್‌ಬಿ-ಡಿ-ಲಾ-ಝೂಶ್ ಎಂಬ ಸಣ್ಣ ಪೇಟೆಯಲ್ಲಿ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಸೋದರರು 1982ರಲ್ಲಿ ಆರಂಭಿಸಿದ ಕಂಪನಿಯು ‘ಅಲ್ಟಿಮೇಟ್ ಪ್ಲೇ ದಿ ಗೇಮ್’ ಎಂಬ ಹೆಸರಿನಲ್ಲಿ ವಿಡಿಯೊ ಗೇಮ್‌ಗಳನ್ನು ಹೊರತಂದಿತು. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಉದ್ಯಮದಲ್ಲಿ ಪಳಗಿದ್ದ ಈ ಸೋದರರು ನೆಚ್ಚಿಕೊಂಡದ್ದು ಅದೇ ವರ್ಷ 125 ಪೌಂಡಿಗೆ ಮಾರಾಟಕ್ಕೆ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರನ್ನು. ಅದರ ಅಗ್ಗದ ಮಾದರಿಯಲ್ಲಿದ್ದ ಸ್ಮೃತಿಕೋಶ ಬರೀ 16 ಕಿಲೋಬೈಟ್. 1983ರಲ್ಲಿ ಬಂದ ಕಂಪನಿಯ ಮೊದಲ ಆಟ ‘ಜೆಟ್‌ಪ್ಯಾಕ್’ ಅಷ್ಟರಲ್ಲೇ ಅಡಕವಾಗಿತ್ತು.

ಸ್ಪೆಕ್ಟ್ರಮ್‌ನ ಪರದೆಯಲ್ಲಿ ಅಡ್ಡಲಾಗಿ 256, ಉದ್ದಕ್ಕೆ 192 ಚುಕ್ಕೆಗಳಿದ್ದರೂ, ಸ್ಮೃತಿಯನ್ನು ಉಳಿಸುವ ಸಲುವಾಗಿ ಬಣ್ಣವನ್ನು ಚುಕ್ಕೆಗೊಂದರಂತೆ ಕೊಡದೆ ಎಂಟೆಂಟು ಚುಕ್ಕೆಗಳ ಚೌಕಕ್ಕೆ ಎರಡೇ ಬಣ್ಣದಂತೆ ಹಂಚಲಾಗಿತ್ತು. ಇದರಿಂದಾಗಿ ಹಸಿರು ಮರದ ಪಕ್ಕದಲ್ಲಿ ಕೆಂಪು ಬೊಂಬೆ ಹಾದುಹೋದರೆ ಒಂದರ ಬಣ್ಣ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತಿತ್ತು. 1984ರ ಕೊನೆಯಲ್ಲಿ ಬಿಡುಗಡೆಯಾದ ‘ನೈಟ್ ಲೋರ್’ ಈ ತೊಡಕಿನಿಂದ ಪಾರಾಗಲು ಪ್ರತಿಯೊಂದು ಕೋಣೆಯನ್ನೂ ಕಪ್ಪಿನ ಮೇಲೆ ಒಂದೇ ಬಣ್ಣದಲ್ಲಿ ಚಿತ್ರಿಸಿ, ಬಣ್ಣದ ಬದಲಿಗೆ ಆಳವನ್ನು ತೋರಿಸಿತು. ಕೋಣೆಯನ್ನು ಮೂಲೆಯ ಮೇಲಿನಿಂದ ಓರೆಯಾಗಿ ನೋಡಿದಂತೆ ಬಿಡಿಸುವ ಈ ತಂತ್ರಕ್ಕೆ ಕಂಪನಿ ಕೊಟ್ಟ ಹೆಸರು ‘ಫಿಲ್ಮೇಶನ್’. ನಾಯಕನ ಬೊಂಬೆಯ ಆಕಾರದಷ್ಟು ಜಾಗವನ್ನು ಹಿನ್ನೆಲೆಯಿಂದ ಮೊದಲು ಅಳಿಸಿ, ಆ ಖಾಲಿಯಲ್ಲಿ ಅವನ ಗೆರೆಗಳನ್ನು ಕೂರಿಸುತ್ತಿದ್ದುದರಿಂದ ಅವನು ಕಲ್ಲಿನ ಮುಂದೆ ನಿಂತರೂ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತಿರಲಿಲ್ಲ. ಬಡ ಯಂತ್ರವೊಂದರಿಂದ ಇಷ್ಟು ಘನವಾದ ಲೋಕವನ್ನು ಹೊರತೆಗೆದದ್ದು ಆ ಕಾಲದ ಬ್ರಿಟಿಷ್ ಪ್ರೋಗ್ರಾಮಿಂಗ್‌ನ ಅತ್ಯುನ್ನತ ಸಾಧನೆಗಳಲ್ಲೊಂದು ಎನ್ನಲು ಅಡ್ಡಿಯಿಲ್ಲ.

ಸೋದರರೇ ಮುಂದೆ ತಿಳಿಸಿದಂತೆ, ಈ ಆಟ ಕಂಪನಿಯದೇ ಇನ್ನೊಂದು ಆಟವಾದ ‘ಸೇಬರ್ ವುಲ್ಫ್’ಗಿಂತ ಮೊದಲೇ ಸಿದ್ಧವಾಗಿತ್ತು; ಇದನ್ನು ಕಂಡವರು ಅದನ್ನು ಕೊಳ್ಳಲಾರರೆಂದು ತಡೆಹಿಡಿಯಲಾಗಿತ್ತು. ಕ್ಯಾಸೆಟ್ಟುಗಳ ಕಳ್ಳನಕಲು ಹೆಚ್ಚಿದ್ದ ದಿನಗಳಲ್ಲಿ ಆಟದ ಬೆಲೆಯನ್ನು ಐದೂವರೆ ಪೌಂಡಿನಿಂದ 9.95ಕ್ಕೆ ಏರಿಸಿದವರೂ ಇವರೇ. ಪತ್ರಿಕೆಗಳಿಗೆ ಸಂದರ್ಶನ ಕೊಡುವುದು ತೀರ ಅಪರೂಪವಾಗಿದ್ದ ಈ ಸೋದರರನ್ನು ಓದುಗರು ಬಲ್ಲದ್ದು ಆಟಗಳಿಂದ, ಇಲ್ಲವೇ ಜಾಹೀರಾತುಗಳಿಂದ.

‘ನೈಟ್ ಲೋರ್’ ಹಾಕಿಕೊಟ್ಟ ದಾರಿಯನ್ನು ಇತರ ಕಂಪನಿಗಳು ಹಿಡಿಯುವ ಹೊತ್ತಿಗೆ ಸೋದರರ ಗಮನ ಜಪಾನಿನ ನಿಂಟೆಂಡೊ ಯಂತ್ರದತ್ತ ಹೊರಳಿತ್ತು. ಅದರ ಒಳರಚನೆಯನ್ನು ತಾವೇ ಬಿಡಿಸಿ ಅರಿತುಕೊಂಡು, 1985ರಲ್ಲಿ ‘ರೇರ್’ ಎಂಬ ಹೊಸ ಕಂಪನಿ ಕಟ್ಟಿ, ‘ಅಲ್ಟಿಮೇಟ್’ ಹೆಸರನ್ನು ಯುಎಸ್ ಗೋಲ್ಡ್ ಎಂಬ ಪ್ರಕಾಶನ ಸಂಸ್ಥೆಗೆ ಮಾರಿದ ಅವರು, ಆಶ್‌ಬಿಗೆ ಸಮೀಪದ ಟ್ವೈಕ್ರಾಸ್ ಹಳ್ಳಿಯ ಹಳೆಯ ತೋಟದ ಮನೆಯೊಂದರಲ್ಲಿ ಕೆಲಸ ಮುಂದುವರಿಸಿದರು.