ಸೀಳು, ಚುಕ್ಕೆ, ಒತ್ತು

1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರ 'ಮಂಗಳೂರ ಸಮಾಚಾರ' ಪತ್ರಿಕೆ ಬಂದದ್ದು ಕಲ್ಲಚ್ಚಿನಲ್ಲಿ. ಹಾಗಾಗಿ ಅದರ ಓದುಗರಿಗೆ ಸಿಕ್ಕಿದ್ದು ಕೈಬರಹದ ರೂಪವೇ.

ಆದರೆ ಮೊಳೆಯಚ್ಚಿನಲ್ಲಿ ಕನ್ನಡ ಸುಲಭದ ತುತ್ತಲ್ಲ. ದ, ಧ, ಥ ಮೂರರ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಸಣ್ಣ ಅಚ್ಚಿನಲ್ಲಿ ಮಸಿ ಹರಡಿದರೆ ಎರಡೂ ಮಾಯ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅರ್ಕಾವತ್ತು ಇನ್ನೂ ತುಂಟ: ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಆಮೇಲೆ. ಡಿಸ್‌ಲೆಕ್ಸಿಯಾ (ಓದುವಲ್ಲಿನ ತೊಡಕು) ಇರುವ ಮಗು ಎಡವಲು ಇಷ್ಟು ಸಾಕು.

ಮುಂದೆ ಕಂಪ್ಯೂಟರ್ ಬಂತು. 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಹರಡಿದವು. ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಪ್ರಶ್ನೆಪತ್ರಿಕೆಯವರೆಗೆ ಎಲ್ಲವೂ ಪರದೆಯ ಮೇಲೆ ಸಿದ್ಧವಾಗತೊಡಗಿತು. ಅಂದಕ್ಕೆ ಸಿಕ್ಕ ಗಮನ ಓದುವ ಸುಖಕ್ಕೆ ಸಿಕ್ಕಿತೆನ್ನುವುದು ಕಷ್ಟ.

ಹೊರದೇಶಗಳಲ್ಲಿ ಆ ಗಮನ ಕಂಡಿತು: 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಕ್ರಿಶ್ಚಿಯನ್ ಬೂರ್ ಡಿಸ್‌ಲೆಕ್ಸಿಯಾ ಇರುವವರಿಗೆಂದೇ 'ಡಿಸ್‌ಲೆಕ್ಸಿ' ಎಂಬ ಫಾಂಟ್ ರೂಪಿಸಿದರು. ಅವರಿಗೂ ಡಿಸ್‌ಲೆಕ್ಸಿಯಾ ಇತ್ತು. 2011ರಲ್ಲಿ 'ಓಪನ್‌ಡಿಸ್‌ಲೆಕ್ಸಿಕ್' ಉಚಿತವಾಗಿ ಸಿಕ್ಕಿತು. ಇಂಥ ವಿಶೇಷ ಫಾಂಟ್‌ಗಳಿಂದ ಓದು ಚುರುಕಾಗುತ್ತದೆಂಬುದಕ್ಕೆ ನಂತರದ ಪರೀಕ್ಷೆಗಳಲ್ಲಿ ಗಟ್ಟಿ ಆಧಾರ ಸಿಗಲಿಲ್ಲ. ಆದರೆ 2012ರಲ್ಲಿ ಇಟಲಿ, ಫ್ರಾನ್ಸಿನ ಮಕ್ಕಳ ಮೇಲಿನ ಅಧ್ಯಯನವೊಂದರಲ್ಲಿ, ಅಕ್ಷರಗಳ ನಡುವೆ ಹೆಚ್ಚು ಜಾಗ ಬಿಟ್ಟಾಗ ಓದು ಸುಧಾರಿಸಿತ್ತು.

ಕನ್ನಡಕ್ಕೆ ಅಕ್ಷರಗಳ ನಡುವಿನ ಆ ಅಂತರವನ್ನು ಹಾಗೆಯೇ ಎತ್ತಿ ತರಲಾಗದು. ಗುಣಿತಾಕ್ಷರ ಒಡೆಯಬಾರದು, ಒತ್ತು ಕೆಳಸಾಲಿಗೆ ತಾಗಬಾರದು. ಹಾಗಾಗಿ ಇಲ್ಲಿ ಮೊದಲು ಹಿಗ್ಗಬೇಕಾದದ್ದು ಸಾಲುಗಳ ನಡುವಿನ ಅಂತರ, ತೆರೆದೇ ಇರಬೇಕಾದದ್ದು ಮಹಾಪ್ರಾಣದ ಸೀಳು.